ಬಿಂಡಿಗನವಿಲೆಯ ಆಕರಗಳು: ಜಾಲತಾಣಗಳಲ್ಲಿ ದೊರೆಯುವ ಸರ್ಕಾರಿ ದಾಖಲೆಗಳ ಉಲ್ಲೇಖವನ್ನು ಕುರಿತು

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿಗೆ ಸೇರಿದ ಬಿಂಡಿಗನವಿಲೆಯು ಒಂದು ಹೋಬಳಿಯ ಮುಖ್ಯ ಗ್ರಾಮ. ಇಲ್ಲಿಯ ಗರುಡನ ಸನ್ನಿಧಿಯಿಂದಾಗಿ ಊರಿನ ಹೆಸರು ದೂರದವರಿಗೂ ಪರಿಚಿತವಾಗಿದೆ. ಇಂತಹ ಒಂದು ಗ್ರಾಮದ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಯು ಎರಡು ಮೂರು ದಶಕಗಳ ಹಿಂದೆ ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೂ, ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ, ನಾಗಮಂಗಲದ ತಾಲ್ಲೂಕು ಕಚೇರಿಗೂ ಹಲವು ಬಾರಿ ಎಡತಾಕಬೇಕಾಗಿತ್ತು. ಇಂದು ಆತನು ತನ್ನ ಕೊಠಡಿಯಲ್ಲಿಯೇ ಕುಳಿತು ಶಾಸನಸಂಪುಟಗಳನ್ನೂ, ಗೆಜೆಟಿಯರುಗಳನ್ನೂ, ಜನಗಣತಿಯ ಕೈಪಿಡಿಗಳನ್ನೂ, ಭೂಕಾನೂನುಗಳನ್ನೂ, ಕೊನೆಗೆ ಪಹಣಿಯನ್ನೂ ಕಣ್ಣ ಮುಂದೆ ತಂದುಕೊಳ್ಳಬಲ್ಲನು. ಇದು ಸಾಮಾನ್ಯವಾದ ಅನುಕೂಲವಲ್ಲ. ಗ್ರಾಮಾಂತರದ ಕಾಲೇಜುಗಳಲ್ಲಿ ಓದುವವರಿಗೆ ಸಂಶೋಧನೆಯ ಬಾಗಿಲು ಇದರಿಂದ ತೆರೆದಂತಾಗಿದೆ.

ಆದರೆ ಹೀಗೆ ದೊರೆತ ಆಕರವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವ ಕ್ರಮದಲ್ಲಿ ನಮ್ಮಲ್ಲಿ ಬಹಳ ಅವ್ಯವಸ್ಥೆಯಿದೆ. ಸ್ನಾತಕೋತ್ತರ ತರಗತಿಗಳ ಪ್ರಬಂಧಗಳನ್ನು ನೋಡಿದವರಿಗೆಲ್ಲ ಇದು ತಿಳಿದ ವಿಷಯವೇ ಆಗಿದೆ. ಕೆಲವರು "ಸರ್ಕಾರದ ಜಾಲತಾಣ" ಎಂದಷ್ಟೇ ಬರೆದು ಮುಂದೆ ಸಾಗುತ್ತಾರೆ. ಕೆಲವರು ಎರಡು ಮೂರು ಪಂಕ್ತಿಗಳಷ್ಟು ಉದ್ದದ ಜಾಲವಿಳಾಸವನ್ನು ಯಥಾವತ್ತಾಗಿ ಇಳಿಸಿ, ದಾಖಲೆಯ ಹೆಸರನ್ನೇ ಬಿಟ್ಟುಬಿಡುತ್ತಾರೆ. ಜಾಲವಿಳಾಸವು ದಾಖಲೆಯನ್ನು ಎಲ್ಲಿ ನೋಡಲಾಯಿತು ಎಂಬುದನ್ನು ಹೇಳುತ್ತದೆ; ಏನನ್ನು ನೋಡಲಾಯಿತು ಎಂಬುದನ್ನು ಹೇಳುವುದಿಲ್ಲ. ವಿಳಾಸವು ನಾಳೆ ನಿಷ್ಫಲವಾದರೂ ಓದುಗನು ಅದೇ ದಾಖಲೆಯನ್ನು ಬೇರೆಡೆ ಹುಡುಕಿ ಪರೀಕ್ಷಿಸುವಂತಿರಬೇಕು. ಉಲ್ಲೇಖದ ಪ್ರಯೋಜನವೇ ಇದು. ಬಿಂಡಿಗನವಿಲೆಯ ಸುತ್ತಮುತ್ತಲ ಪ್ರದೇಶದ ಕೆಲವು ಆಕರಗಳನ್ನೇ ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸಬಹುದು.

ಮೊದಲು ಶಾಸನಗಳ ಮಾತು. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನವು ಗಂಗರ ಶ್ರೀಪುರುಷನ ಕಾಲದ್ದು. ಶಕವರ್ಷ 698, ಎಂದರೆ ಕ್ರಿ.ಶ. 776-77ರದು. ಜಿನಾಲಯವೊಂದಕ್ಕೆ ಬಿಟ್ಟ ದತ್ತಿಯನ್ನು ಹೇಳುವ ಈ ಶಾಸನವು ಗಂಗರ ಚರಿತ್ರೆಯನ್ನು ಬರೆದವರೆಲ್ಲರೂ ಬಳಸಿಕೊಂಡಿರುವ ಪ್ರಮುಖ ಆಕರ. ಬಿ. ಎಲ್. ರೈಸ್ ಸಾಹೇಬರು ಇದನ್ನು 1873ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯ ಎರಡನೆಯ ಸಂಪುಟದಲ್ಲಿ ನಾಗಮಂಗಲದ ತಾಮ್ರಶಾಸನವೆಂಬ ಹೆಸರಿನಿಂದ ಪ್ರಕಟಿಸಿದರು. ಬಳಿಕ 1898ರಲ್ಲಿ ಹೊರಬಂದ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಅದೇ ಶಾಸನವು ನಾಗಮಂಗಲ 85 ಎಂಬ ಸಂಖ್ಯೆಯನ್ನು ಪಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ಕೈಗೊಂಡಾಗ ನಾಗಮಂಗಲ ತಾಲ್ಲೂಕು 1979ರ ಏಳನೆಯ ಸಂಪುಟಕ್ಕೆ ಸೇರಿತು. ಶಾಸನಗಳ ಸಂಖ್ಯೆಗಳೂ ಬದಲಾದುವು. ಹೀಗೆ ಒಂದೇ ತಾಮ್ರಪಟಕ್ಕೆ ಒಂದು ಶತಮಾನಕ್ಕಿಂತ ತುಸು ಹೆಚ್ಚಿನ ಕಾಲದಲ್ಲಿ ಮೂರು ವಿಳಾಸಗಳಾದುವು. ಇಷ್ಟಾದರೂ ಅದು ಕಳೆದುಹೋಗಲಿಲ್ಲ. ಸಂಪುಟ, ಆವೃತ್ತಿಯ ವರ್ಷ, ತಾಲ್ಲೂಕು, ಸಂಖ್ಯೆ ಎಂಬ ನಾಲ್ಕು ಅಂಶಗಳನ್ನು ವಿದ್ವಾಂಸರು ಬಿಡದೆ ಕೊಡುತ್ತ ಬಂದುದೇ ಇದಕ್ಕೆ ಕಾರಣ. "ನಾಗಮಂಗಲ 85" ಎಂದಷ್ಟೇ ಬರೆದು ವರ್ಷವನ್ನು ಬಿಟ್ಟವನ ಓದುಗನು ಹೊಸ ಸಂಪುಟವನ್ನು ತೆರೆದರೆ ಬೇರೊಂದು ಶಾಸನದ ಮುಂದೆ ನಿಲ್ಲಬೇಕಾಗುತ್ತದೆ. ಪಕ್ಕದ ತಾಲ್ಲೂಕುಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು: ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಪರಿಷ್ಕೃತ ಆವೃತ್ತಿಯಲ್ಲಿ 1977ರ ಆರನೆಯ ಸಂಪುಟಕ್ಕೆ ಸೇರಿದರೆ, ರೈಸ್ ಅವರ ಆವೃತ್ತಿಯಲ್ಲಿ ಶ್ರೀರಂಗಪಟ್ಟಣವು 1894ರ ಮೂರನೆಯ ಸಂಪುಟದಲ್ಲಿಯೂ ಕೃಷ್ಣರಾಜಪೇಟೆಯು ನಾಲ್ಕನೆಯದರಲ್ಲಿಯೂ ಇವೆ.

ರೈಸ್ ಅವರ ಸಂಪುಟಗಳನ್ನು ಈಗ ಬಹುಮಂದಿ ಓದುವುದು ಪರದೆಯ ಮೇಲೆ. ಇಲ್ಲಿ ಪುಟಸಂಖ್ಯೆಯ ತೊಡಕೊಂದಿದೆ. ಆ ಸಂಪುಟಗಳಲ್ಲಿ ಪೀಠಿಕೆ, ಆಂಗ್ಲಾನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಎಂಬ ಭಾಗಗಳಿದ್ದು, ಪುಟಗಳ ಎಣಿಕೆ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿ ಸಾಗುವುದಿಲ್ಲ. ಭಾಗವು ಬದಲಾದಂತೆ ಎಣಿಕೆಯೂ ಹೊಸದಾಗಿ ಆರಂಭವಾಗುತ್ತದೆ. ಇದರ ಮೇಲೆ ಪಿಡಿಎಫ್ ಪ್ರತಿಯು ರಕ್ಷಾಪುಟದಿಂದ ಮೊದಲುಗೊಂಡು ತನ್ನದೇ ಎಣಿಕೆಯನ್ನು ಹೇರುತ್ತದೆ. ಪರದೆಯ ಮೂಲೆಯಲ್ಲಿ ಕಾಣುವ ಅಂಕಿಯನ್ನೇ ಪುಟಸಂಖ್ಯೆಯೆಂದು ಬರೆದುಕೊಂಡರೆ ಮುದ್ರಿತ ಗ್ರಂಥವನ್ನು ತೆರೆದ ಓದುಗನಿಗೆ ಆ ಮಾತು ಸಿಕ್ಕುವುದಿಲ್ಲ. ಶಾಸನಕ್ಕೆ ಸಂಖ್ಯೆಯೇ ಸಾಕು. ಪೀಠಿಕೆಯಿಂದ ಉದ್ಧರಿಸುವಾಗ ಮಾತ್ರ ಭಾಗದ ಹೆಸರನ್ನೂ ಮುದ್ರಿತ ಪುಟಸಂಖ್ಯೆಯನ್ನೂ ಕೊಡತಕ್ಕದ್ದು. ಸಿ. ಹಯವದನರಾಯರ 'ಮೈಸೂರು ಗೆಜೆಟಿಯರ್' (1927-1930) ವಿಷಯದಲ್ಲಿಯೂ ಹೀಗೆಯೇ: ಐದು ಸಂಪುಟಗಳ ಆ ಗ್ರಂಥದ ಎರಡನೆಯ ಸಂಪುಟವೇ ನಾಲ್ಕು ಭಾಗಗಳಾಗಿದೆ.

ಪ್ರತಿಯು ಎಲ್ಲಿಂದ ಬಂದಿತೆಂಬುದನ್ನೂ ಇಲ್ಲಿ ಗಮನಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮುಖ್ಯ ಪಾತ್ರ ವಹಿಸಿದ್ದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ'ದಲ್ಲಿ ಲಕ್ಷಾಂತರ ಹಳೆಯ ಗ್ರಂಥಗಳು ದೊರೆಯುತ್ತಿದ್ದುವು. 2017ರ ಸುಮಾರಿಗೆ ಆ ತಾಣವು ಸಾರ್ವಜನಿಕರಿಗೆ ಮುಚ್ಚಿತು. ಅದಕ್ಕೂ ಹಿಂದಿನ ಪ್ರಬಂಧಗಳಲ್ಲಿ ಆ ತಾಣದ ವಿಳಾಸವನ್ನಷ್ಟೇ ಕೊಟ್ಟ ಅಡಿಟಿಪ್ಪಣಿಗಳು ಒಮ್ಮೆಗೇ ನಿರರ್ಥಕವಾದುವು. ಅದೃಷ್ಟವಶಾತ್ ಅಲ್ಲಿನ ಅಪಾರ ಗ್ರಂಥರಾಶಿ ಅಮೆರಿಕದ 'ಇಂಟರ್‌ನೆಟ್ ಆರ್ಕೈವ್'ನಲ್ಲಿ ಉಳಿದುಕೊಂಡಿದೆ. ಗ್ರಂಥನಾಮವನ್ನೂ ವರ್ಷವನ್ನೂ ಬರೆದಿದ್ದವರ ಉಲ್ಲೇಖಗಳು ಇಂದಿಗೂ ಜೀವಂತವಾಗಿವೆ. ಆದರೆ ಆ ಪ್ರತಿಗಳಿಗೆ ಜೋಡಿಸಿದ ಸೂಚಿಯಲ್ಲಿ ಶೀರ್ಷಿಕೆ, ಕರ್ತೃ, ವರ್ಷಗಳು ತಪ್ಪಾಗಿರುವುದು ಅಪರೂಪವೇನಲ್ಲ. ಗ್ರಂಥದ ಮುಖಪುಟವನ್ನು ಕಣ್ಣಾರೆ ನೋಡದೆ ಸೂಚಿಯಿಂದ ವರ್ಷವನ್ನು ಎತ್ತಿಕೊಳ್ಳುವುದು ಅಪಾಯಕರ. ಹಳೆಯ ಗೆಜೆಟಿಯರುಗಳಿಗೆ ಮರುಮುದ್ರಣಗಳೂ ಇರುವುದರಿಂದ ಈ ಅಪಾಯ ಇಮ್ಮಡಿಯಾಗುತ್ತದೆ.

ಈಗ ಜನಗಣತಿಯ ಕಡೆಗೆ ಬರೋಣ. ಬಿಂಡಿಗನವಿಲೆಯ ಜನಸಂಖ್ಯೆಯನ್ನು 1931ರ ವರದಿಯಲ್ಲಿ ಹುಡುಕುವವನು ಮಂಡ್ಯ ಜಿಲ್ಲೆಯ ಹೆಸರಿನಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಮಂಡ್ಯ ಜಿಲ್ಲೆಯು ರೂಪುಗೊಂಡುದೇ 1939ರಲ್ಲಿ. ಅದಕ್ಕೆ ಹಿಂದೆ ನಾಗಮಂಗಲವು ಮೈಸೂರು ಜಿಲ್ಲೆಯ ತಾಲ್ಲೂಕಾಗಿತ್ತು. ಪಾಂಡವಪುರವನ್ನು ಹಳೆಯ ವರದಿಗಳಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿನಿಂದಲೂ, ಕೃಷ್ಣರಾಜಪೇಟೆಯನ್ನು ಅತ್ತಿಕುಪ್ಪೆ ಎಂಬ ಹೆಸರಿನಿಂದಲೂ ಕಾಣಬೇಕಾಗುತ್ತದೆ. ನಮ್ಮ ಊರಿನ ಹೆಸರಿನ ಬರವಣಿಗೆಯೂ ಸ್ಥಿರವಾಗಿಲ್ಲ: ಆಂಗ್ಲ ಲಿಪಿಯಲ್ಲಿ ಕೆಲವರು ಬಿಂಡಿಗನವಿಲೆ ಎಂದೂ ಕೆಲವರು ಬಿಂಡಿಗನವಲೆ ಎಂದೂ ಓದುವಂತೆ ಬರೆಯುತ್ತಾರೆ. ಯಂತ್ರಕ್ಕೆ ಇವೆರಡೂ ಬೇರೆ ಬೇರೆ ಊರುಗಳು.

ಹೆಸರಿನ ಈ ತೊಂದರೆಗೆ ಪರಿಹಾರವೆಂಬಂತೆ ಸಂಕೇತಸಂಖ್ಯೆಗಳು ಬಂದಿವೆ. ಆದರೆ ಅವೂ ಬದಲಾಗದೆ ನಿಂತಿಲ್ಲ. 2001ರ ಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಂಕೇತ 22. 2011ರಲ್ಲಿ ಅದು 573. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಸೂಚಿಯಲ್ಲಿ ಗ್ರಾಮಕ್ಕೂ ಗ್ರಾಮಪಂಚಾಯಿತಿಗೂ ಪ್ರತ್ಯೇಕವಾದ ಸಂಖ್ಯೆಗಳಿವೆ. ಬಿಂಡಿಗನವಿಲೆಯು ಒಂದು ಗ್ರಾಮದ ಹೆಸರೂ ಹೌದು, ಹೋಬಳಿಯ ಹೆಸರೂ ಹೌದು. ಯಾವುದರ ಅಂಕಿಯನ್ನು ಕೊಡುತ್ತಿದ್ದೇನೆಂದು ಬರೆಯದೆ "ಬಿಂಡಿಗನವಿಲೆಯ ಜನಸಂಖ್ಯೆ" ಎಂದರೆ ಆ ಅಂಕಿಯು ಯಾರಿಗೂ ಉಪಯೋಗಕ್ಕೆ ಬಾರದು. ಗಣತಿಯ ವರ್ಷ, ಪಟ್ಟಿಕೆಯ ಹೆಸರು ಅಥವಾ ಸಂಖ್ಯೆ, ಜಿಲ್ಲಾ ಕೈಪಿಡಿಯ ಭಾಗ, ಗ್ರಾಮದ ಸಂಕೇತ, ಇಷ್ಟನ್ನು ಕೊಟ್ಟರೆ ಮುದ್ರಿತ ಪುಸ್ತಕವನ್ನು ಹಿಡಿದವನೂ ಪರದೆಯನ್ನು ನೋಡುವವನೂ ಒಂದೇ ಪಂಕ್ತಿಗೆ ಬಂದು ಸೇರುತ್ತಾರೆ.

ಜನಗಣತಿ ಇಲಾಖೆಯ ಜಾಲತಾಣವು 2022ರ ಸುಮಾರಿಗೆ ಹೊಸ ರೂಪವನ್ನು ತಾಳಿತು. ಅದಕ್ಕೆ ಹಿಂದೆ ಸಂಶೋಧಕರು ತಮ್ಮ ಗ್ರಂಥಗಳಲ್ಲಿ ಕೊಟ್ಟಿದ್ದ ಅಸಂಖ್ಯಾತ ವಿಳಾಸಗಳು ಈಗ ಎಲ್ಲಿಗೂ ಒಯ್ಯುವುದಿಲ್ಲ. ದಾಖಲೆಗಳು ಮಾತ್ರ ಹೊಸ ಸೂಚಿಯಡಿಯಲ್ಲಿ ದೊರೆಯುತ್ತವೆ. ಕರ್ನಾಟಕ ಸರ್ಕಾರದ ಇಲಾಖೆಗಳೂ 'ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತಿದ್ದ ಹಳೆಯ ವಿಳಾಸಗಳನ್ನು ತೊರೆದು 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಎಂಬುದಕ್ಕೆ ಬಂದಿವೆ. ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ದೋಷವಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಉಲ್ಲೇಖವಾದ ಜಾಲವಿಳಾಸಗಳ ಪೈಕಿ ಸುಮಾರು ಅರ್ಧದಷ್ಟು ಮೂಲದಲ್ಲಿದ್ದ ವಿಷಯವನ್ನು ತೋರಿಸುವುದಿಲ್ಲವೆಂದು ಹಾರ್ವರ್ಡ್ ನ್ಯಾಯಶಾಲೆಯ ಜೊನಾಥನ್ ಜಿಟ್ರೇನ್ ಮತ್ತು ಅವರ ಸಹಲೇಖಕರು 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟರು. ನ್ಯಾಯಾಲಯದ ತೀರ್ಪಿಗೇ ಈ ಗತಿಯಾದರೆ ಎಂ.ಎ. ಪ್ರಬಂಧದ ಪಾಡನ್ನು ಹೇಳಬೇಕಾಗಿಲ್ಲ.

ವಿಳಾಸವು ಸತ್ತುಹೋದರೆ ಓದುಗನಿಗೆ ಕನಿಷ್ಠ ಅದು ಸತ್ತಿದೆಯೆಂದು ತಿಳಿಯುತ್ತದೆ. ಇದಕ್ಕಿಂತ ಗಂಭೀರವಾದುದು ವಿಳಾಸವು ಹಾಗೆಯೇ ಇದ್ದು ಒಳಗಿನ ಪಾಠವು ಬದಲಾಗುವ ಪ್ರಸಂಗ. ಇತಿಹಾಸದ ವಿದ್ಯಾರ್ಥಿಗೆ ನಿಜವಾಗಿ ಹಾನಿಯಾಗುವುದು ಇಲ್ಲಿಯೇ. ಬಿಂಡಿಗನವಿಲೆ ಹೋಬಳಿಯ ಯಾವುದಾದರೂ ಗ್ರಾಮದಲ್ಲಿ ಗೇಣಿದಾರರ ಸ್ಥಿತಿಗತಿಗಳನ್ನು ಕುರಿತು ಬರೆಯುವವನು ಭೂಸುಧಾರಣಾ ಕಾಯಿದೆಯನ್ನು ಉಲ್ಲೇಖಿಸದೆ ಇರಲಾರನು. ರಾಜ್ಯ ಸರ್ಕಾರದ ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಅದು "ಕರ್ನಾಟಕ ಭೂಸುಧಾರಣಾ ಕಾಯಿದೆ, 1961" ಎಂಬ ಹೆಸರಿನಲ್ಲಿ ದೊರೆಯುತ್ತದೆ. ಆದರೆ 1961ರಲ್ಲಿ ಕರ್ನಾಟಕವೆಂಬ ಹೆಸರಿನ ರಾಜ್ಯವೇ ಇರಲಿಲ್ಲ; ಮೈಸೂರು ರಾಜ್ಯಕ್ಕೆ ಆ ಹೆಸರು ಬಂದುದು 1973ರ ನವೆಂಬರ್ 1ರಂದು. ಅಂದಿನ ಶಾಸನಸಭೆಯು ಅಂಗೀಕರಿಸಿದುದು ಮೈಸೂರು ಭೂಸುಧಾರಣಾ ಕಾಯಿದೆಯನ್ನು. ಶೀರ್ಷಿಕೆಯಲ್ಲಿ 1961 ಎಂದಿದ್ದರೂ ಅದು 1962ರ 10ನೆಯ ಕಾಯಿದೆ. ಜಾರಿಗೆ ಬಂದುದು 1965ರ ಅಕ್ಟೋಬರ್ 2ರಂದು. ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗುವಂತೆ ಮಾಡಿದ ದೊಡ್ಡ ತಿದ್ದುಪಡಿಯ ದಿನಾಂಕವು 1974ರ ಮಾರ್ಚ್ 1. ಒಂದು ಹೆಸರಿನ ಹಿಂದೆ ಇಷ್ಟೊಂದು ಕಾಲಗಳು ಅಡಗಿಕೊಂಡಿವೆ.

ಇದೇ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳನ್ನು ನೋಡೋಣ. ನಿಗದಿಗೊಳಿಸಿದ ಮಿತಿಗಿಂತ ಹೆಚ್ಚಿನ ವರಮಾನವುಳ್ಳವರೂ, ಸ್ವತಃ ಸಾಗುವಳಿ ಮಾಡದವರೂ ಕೃಷಿಭೂಮಿಯನ್ನು ಪಡೆಯಲು ಇವು ಅಡ್ಡಿಯಾಗಿದ್ದುವು. 1974ರಿಂದ ಆಚೆಗೆ ಸುಮಾರು ನಾಲ್ಕೂವರೆ ದಶಕಗಳ ಕಾಲ ನಮ್ಮ ಗ್ರಾಮಗಳ ಜಮೀನಿನ ಕ್ರಯವಿಕ್ರಯಗಳ ಮೇಲೆ ಇವುಗಳ ನೆರಳು ಬಿದ್ದಿತ್ತು. 2020ರ ತಿದ್ದುಪಡಿಯು ಇವನ್ನು ತೆಗೆದುಹಾಕಿತು. ತಿದ್ದುಪಡಿಗಳನ್ನು ಅಳವಡಿಸಿದ ಪಾಠದಲ್ಲಿ ತೆಗೆದುಹಾಕಿದ ಕಲಮಿನ ಸ್ಥಾನದಲ್ಲಿ ತೆಗೆದುಹಾಕಿದ ಸೂಚನೆಯಷ್ಟೇ ಉಳಿಯುವುದು ವಾಡಿಕೆ. 1985ರ ಒಂದು ಕ್ರಯವನ್ನು ವಿವೇಚಿಸುವ ವಿದ್ಯಾರ್ಥಿಯು ಇಂದಿನ ಪಾಠವನ್ನು ತೆರೆದು, ಅದನ್ನೇ "1961ರ ಕಾಯಿದೆ" ಎಂದು ಅಡಿಟಿಪ್ಪಣಿಯಲ್ಲಿ ಕಾಣಿಸಿದರೆ, ಆ ಕ್ರಯವು ನಡೆದ ಕಾಲದಲ್ಲಿ ಜನರನ್ನು ಕಟ್ಟಿಹಾಕಿದ್ದ ನಿಯಮವೇ ಆತನ ಬರವಣಿಗೆಯಿಂದ ಮಾಯವಾಗುತ್ತದೆ. ವಕೀಲನಿಗೆ ಇಂದಿನ ಪಾಠವು ಮುಖ್ಯ; ಇತಿಹಾಸಕಾರನಿಗೆ ಬೇಕಾದುದು ಅಂದಿನ ಪಾಠ. ಸರ್ಕಾರದ ತಾಣಗಳನ್ನು ನಿರ್ಮಿಸಿರುವುದು ವಕೀಲನಂತಹ ಓದುಗನಿಗಾಗಿಯೇ ಹೊರತು ನಮಗಾಗಿ ಅಲ್ಲ ಎಂಬುದನ್ನು ಮರೆಯಬಾರದು. ಆದುದರಿಂದ ಕಾನೂನನ್ನು ಉಲ್ಲೇಖಿಸುವಾಗ ಕಾಯಿದೆಯ ಸಂಖ್ಯೆ ಮತ್ತು ವರ್ಷ, ಅಂಗೀಕಾರವಾದಾಗಿನ ಹೆಸರು, ಯಾವ ತಿದ್ದುಪಡಿಯವರೆಗಿನ ಪಾಠ ಎಂಬ ವಿವರ, ಇವು ಅವಶ್ಯವಾಗಿ ಇರಬೇಕು. ಆಯಾ ಕಾಲದ ರಾಜ್ಯಪತ್ರವನ್ನೇ ನೋಡಿ ಬರೆಯಲು ಸಾಧ್ಯವಾದರೆ ಅದಕ್ಕಿಂತ ಉತ್ತಮವಾದುದು ಬೇರೆ ಇಲ್ಲ.

ರಾಜ್ಯಪತ್ರದ ಮಾತು ಬಂದುದರಿಂದ ಒಂದು ವ್ಯತ್ಯಾಸವನ್ನು ಹೇಳಬೇಕಾಗಿದೆ. ಮೇಲೆ ಹೇಳಿದ ಸಂಪುಟಗಳೂ ಗೆಜೆಟಿಯರುಗಳೂ ಮುದ್ರಣದಲ್ಲಿ ಹುಟ್ಟಿ ಬಳಿಕ ಜಾಲಕ್ಕೆ ಬಂದುವು. ಪರದೆಯ ಪ್ರತಿ ಅವುಗಳ ಛಾಯೆ ಮಾತ್ರ. ಆದರೆ ಭಾರತ ಸರ್ಕಾರದ ರಾಜ್ಯಪತ್ರವು 2015ರ ಅಕ್ಟೋಬರ್ 1ರಿಂದ ಕಾಗದದ ಮೇಲೆ ಅಚ್ಚಾಗುವುದು ನಿಂತು ವಿದ್ಯುನ್ಮಾನ ರೂಪದಲ್ಲಿಯೇ ಪ್ರಕಟವಾಗುತ್ತಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 8ನೆಯ ಕಲಮು ಇಂತಹ ಪ್ರಕಟಣೆಗೆ ಮಾನ್ಯತೆಯನ್ನು ಕೊಟ್ಟಿದೆ. ಇಲ್ಲಿ ಪರದೆಯ ಪ್ರತಿಯೇ ಮೂಲ. ಹೀಗಿದ್ದರೂ ಭಾಗ, ವಿಭಾಗ, ಸಂಖ್ಯೆ, ದಿನಾಂಕಗಳೆಂಬ ಹಳೆಯ ಗುರುತುಗಳು ಅದರ ಮೊದಲ ಪುಟದಲ್ಲಿಯೇ ಇರುವುದರಿಂದ ಉಲ್ಲೇಖಕ್ಕೆ ತೊಂದರೆಯಿಲ್ಲ. ಸರ್ಕಾರಿ ಆದೇಶಗಳಿಗೂ ಇದೇ ಮಾತು ಸಲ್ಲುತ್ತದೆ: ಕಂದಾಯ ಇಲಾಖೆಯ ಆದೇಶವಾದರೆ "ಕಂಇ" ಎಂದು ಆರಂಭವಾಗುವ ಸಂಖ್ಯೆ, ಸ್ಥಳ, ದಿನಾಂಕಗಳು ಅದರ ಮೇಲ್ಭಾಗದಲ್ಲಿಯೇ ಇರುತ್ತವೆ. ನಮ್ಮ ಗುಮಾಸ್ತರು ಶತಮಾನಕ್ಕೂ ಹೆಚ್ಚು ಕಾಲದಿಂದ ಕಾಪಾಡಿಕೊಂಡು ಬಂದ ಈ ಪದ್ಧತಿಯು ಯಾವ ಜಾಲವಿಳಾಸಕ್ಕಿಂತಲೂ ಗಟ್ಟಿಯಾದುದು.

ಪಾಶ್ಚಾತ್ಯ ಕೈಪಿಡಿಗಳನ್ನು ಅನುಸರಿಸಿದರೆ ಸಾಲದೆ ಎಂದು ಕೇಳುವವರುಂಟು. ಅಮೆರಿಕದ ಮನೋವಿಜ್ಞಾನ ಸಂಘದ, ಎಂದರೆ ಎಪಿಎ, ಕೈಪಿಡಿಯ ಏಳನೆಯ ಆವೃತ್ತಿಯು ದಾಖಲೆಯನ್ನು ಹೊರಡಿಸಿದ ನಿರ್ದಿಷ್ಟ ಕಚೇರಿಯನ್ನು ಕರ್ತೃವೆಂದೂ ಅದರ ಮೇಲಿನ ಇಲಾಖೆಯನ್ನು ಪ್ರಕಾಶಕನೆಂದೂ ಕಾಣಿಸಲು ಹೇಳುತ್ತದೆ. ಬದಲಾಗುವ ಸ್ವಭಾವದ ಪುಟಗಳಿಗೆ ಮಾತ್ರ ನೋಡಿದ ದಿನಾಂಕವನ್ನು ಕೇಳುತ್ತದೆ. ಇದು ಯುಕ್ತವಾದ ನಿಯಮವೇ. ಆದರೆ ನಮ್ಮ ದಾಖಲೆಗಳ ಸ್ವಭಾವವನ್ನು ಆ ಕೈಪಿಡಿಗಳು ಬಲ್ಲವಲ್ಲ. ಜನರು ಇಂದಿಗೂ ಮುಜರಾಯಿ ಎಂದು ಕರೆಯುವ ಇಲಾಖೆಯ ಅಧಿಕೃತ ಹೆಸರು ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಇಲಾಖೆ. ದೇವಾಲಯದ ಹಳೆಯ ಲೆಕ್ಕವನ್ನು ಉಲ್ಲೇಖಿಸುವಾಗ ದಾಖಲೆಯ ಮೇಲೆ ಯಾವ ಹೆಸರಿದೆಯೋ ಅದನ್ನೇ ಬರೆಯಬೇಕಲ್ಲದೆ ಇಂದಿನದನ್ನು ಅದಕ್ಕೆ ತೊಡಿಸಬಾರದು. ನೋಡಿದ ದಿನಾಂಕದ ವಿಷಯದಲ್ಲಿಯೂ ನಮ್ಮ ತಾಣಗಳ ಚಂಚಲತೆಯನ್ನು ನೋಡಿದರೆ, ಕೈಪಿಡಿಯು ಬೇಡವೆಂದರೂ ಕೊಡುವುದೇ ಒಳ್ಳೆಯದೆಂದು ನನಗೆ ತೋರುತ್ತದೆ.

ಉಲ್ಲೇಖದ ಬೆನ್ನಿಗೇ ಹುಡುಕಾಟದ ಪ್ರಶ್ನೆಯೂ ಬರುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಕಚೇರಿಗಳಲ್ಲಿ ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ದಾಖಲೆಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಛಾಯಾಪ್ರತಿಗಳಲ್ಲಿಯಾದರೋ ಅಕ್ಷರಗಳೇ ಇಲ್ಲ, ಚಿತ್ರ ಮಾತ್ರ. "ಬಿಂಡಿಗನವಿಲೆ" ಎಂದು ಬೆರಳಚ್ಚಿಸಿ ಏನೂ ದೊರೆಯದಿದ್ದರೆ ಆ ದಾಖಲೆಯಲ್ಲಿ ಊರಿನ ಪ್ರಸ್ತಾಪವೇ ಇಲ್ಲವೆಂದು ತೀರ್ಮಾನಿಸುವುದು ಯುಕ್ತವಲ್ಲ. "ವರದಿಯಲ್ಲಿ ಉಲ್ಲೇಖವಿಲ್ಲ" ಎಂದು ಬರೆಯುವವನು ಪುಟಪುಟವಾಗಿ ಓದಿ ಹಾಗೆ ಹೇಳುತ್ತಿದ್ದಾನೆಯೋ, ಯಂತ್ರದ ಮಾತನ್ನು ನಂಬಿ ಹೇಳುತ್ತಿದ್ದಾನೆಯೋ ಎಂಬುದನ್ನು ಟಿಪ್ಪಣಿಯಲ್ಲಿ ತಿಳಿಸುವುದು ಪ್ರಾಮಾಣಿಕತೆಯ ಲಕ್ಷಣ.

ಕೊನೆಯದಾಗಿ ಪಹಣಿ. 'ಭೂಮಿ' ಯೋಜನೆಯಡಿ ರಾಜ್ಯದ ಪಹಣಿಗಳು ಗಣಕಕ್ಕೆ ಏರಿ ಎರಡು ದಶಕಗಳ ಮೇಲಾಯಿತು. ಹಕ್ಕುಬದಲಾವಣೆಯಾದಂತೆಲ್ಲ ಪಹಣಿಯು ಬದಲಾಗುತ್ತದೆ. ಇಂದು ನೋಡಿದ ಪುಟವು ಮುಂದಿನ ವರ್ಷ ಅದೇ ಆಗಿರಬೇಕೆಂಬ ನಿಯಮವಿಲ್ಲ. ಇಂತಹ ದಾಖಲೆಗೆ ವಿಳಾಸಕ್ಕಿಂತ ದಿನಾಂಕವೇ ಪ್ರಾಣ. ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರು, ಹಿಸ್ಸಾ, ಪಹಣಿಯ ಸಾಲು, ಪ್ರತಿ ತೆಗೆದ ದಿನಾಂಕ ಇವಿಷ್ಟೂ ಇರಬೇಕು. ಸುಮ್ಮನೆ ನೋಡಲು ದೊರೆಯುವ ಪ್ರತಿಯೋ, ಶುಲ್ಕ ತೆತ್ತು ಪಡೆದ ಡಿಜಿಟಲ್ ಸಹಿಯುಳ್ಳ ಪ್ರತಿಯೋ ಎಂಬುದನ್ನೂ ಹೇಳಬೇಕು. ಎರಡಕ್ಕೂ ಇರುವ ಮಾನ್ಯತೆ ಒಂದೇ ಅಲ್ಲ. ಜೊತೆಗೆ ಪಹಣಿಯಲ್ಲಿ ಇರುವುದು ಬದುಕಿರುವ ರೈತರ ಹೆಸರುಗಳು. ಸಾಲದ ವಿವರವೂ ಅಲ್ಲಿ ಬರುವುದುಂಟು. ಸಾರ್ವಜನಿಕವಾಗಿ ದೊರೆಯುತ್ತದೆಂಬ ಕಾರಣಕ್ಕೆ ಅವನ್ನೆಲ್ಲ ಪ್ರಬಂಧದಲ್ಲಿ ಅಚ್ಚುಹಾಕಬೇಕಾಗಿಲ್ಲ. ಸರ್ವೆ ನಂಬರನ್ನು ಕೊಟ್ಟು ಹೆಸರುಗಳನ್ನು ಬಿಟ್ಟರೆ ವಾದಕ್ಕೇನೂ ಕೊರತೆಯಾಗುವುದಿಲ್ಲ.

ಬದಲಾಗುವ ಇಂತಹ ದಾಖಲೆಗಳ ಪ್ರತಿಯೊಂದನ್ನು ಸಂಶೋಧಕನು ತೆಗೆದಿಟ್ಟುಕೊಂಡು, ಪ್ರಬಂಧವನ್ನು ಒಪ್ಪಿಸುವಾಗ ವಿಭಾಗದ ಗ್ರಂಥಾಲಯಕ್ಕೆ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ. ಪಿಎಚ್.ಡಿ. ಪ್ರಬಂಧಗಳು 'ಶೋಧಗಂಗಾ' ಭಂಡಾರಕ್ಕೆ ಸೇರಿ ಅಲ್ಲಿ ಸ್ಥಿರವಾದ ಸಂಖ್ಯೆಯನ್ನು ಪಡೆಯುತ್ತವೆ. ಅವು ಆಧರಿಸಿರುವ ಪಹಣಿ, ಆದೇಶ, ಪಟ್ಟಿಕೆಗಳಿಗೆ ಹಾಗೆ ಸೇರುವ ಸ್ಥಳವಿಲ್ಲ. ಎಂ.ಎ. ಪ್ರಬಂಧಗಳ ಮಟ್ಟಿಗೆ ವಿಭಾಗದ ಒಂದು ಬೀರುವೂ ಒಂದು ಗಣಕವೂ ಈ ಕೆಲಸಕ್ಕೆ ಸಾಕಾದೀತು. ಪ್ರತಿಯೊಂದರ ಮೇಲೆಯೂ ದಾಖಲೆಯ ಹೆಸರು, ಸಂಖ್ಯೆ, ತಾಣ, ತೆಗೆದ ದಿನಾಂಕ ಮತ್ತು ಪ್ರಬಂಧದ ಅಡಿಟಿಪ್ಪಣಿಯ ಸಂಖ್ಯೆಯನ್ನು ನಮೂದಿಸಿ ಇಡತಕ್ಕದ್ದು.